ತೆಗೆದುಹಾಕಿದವುಗಳ ಪಟ್ಟಿ

ಕಂಪೈಲರನ್ನು ನಾನು ಹದಿನೆಂಟು ವರ್ಷ ಬೈದಿದ್ದೇನೆ. ಮುಖವಿಲ್ಲದ ವಸ್ತುವಿಗೆ ಯಾರಾದರೂ ಬೈಯುತ್ತಾರಾ ಅಂತ ಹೆಂಡತಿ ನಗುತ್ತಾಳೆ. ಇರಲಿ, ಮುಖ ಇರುವವರಿಗೂ ನಾನೇನು ಕಡಿಮೆ ಬೈದವನಲ್ಲ. ಆದರೆ ಈ ವರ್ಷ ಮೇ ತಿಂಗಳಲ್ಲಿ ಅದರ ಎದುರು ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಟ್ಟೆ. ಯಾಕೆ ಅಂತ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನನ್ನ ಹೆಸರು ತಿಲಕ್. ಊರು ಪಡುಬಿದ್ರಿ ಕಡೆ, ಹೊಟ್ಟೆಪಾಡು ಗೋರೆಗಾಂವ್ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟೊಂದರ ಎರಡನೇ ಮಾಳಿಗೆಯ ಗಾಳಾದಲ್ಲಿ, ಅಂದರೆ ಒಂದು ಕೋಣೆಯ ವರ್ಕ್‌ಶಾಪಿನಲ್ಲಿ. ಹೋಟೆಲುಗಳ ಇಡ್ಲಿ ಸ್ಟೀಮರಿಗೆ ಕಂಟ್ರೋಲ್ ಡಬ್ಬಿ ಮಾಡುವುದು ನನ್ನ ಕಸುಬು. ದಹಿಸರಿನಿಂದ ಮುಲುಂಡ್ ತನಕ ಅರವತ್ತಕ್ಕೂ ಹೆಚ್ಚು ಅಡುಗೆಮನೆಗಳಲ್ಲಿ ನನ್ನ ಡಬ್ಬಿ ಉಂಟು. ಅದರ ಕೆಲಸ ಇಷ್ಟೇ: ಬಾಗಿಲು ಹಾಕಿ ಗುಂಡಿ ಒತ್ತಿದರೆ ಹಬೆ ಏರುತ್ತದೆ, ಹೊತ್ತು ಮುಗಿದಾಗ ಗ್ಯಾಸ್ ನಿಲ್ಲುತ್ತದೆ, ಹಬೆ ಹೊರಹೋಗುವ ಕೊಳವೆ ತೆರೆಯುತ್ತದೆ, ಆಮೇಲೆ ಬಾಗಿಲಿನ ಚಿಲಕ ಬಿಟ್ಟು ಹಸಿರು ದೀಪ ಹತ್ತುತ್ತದೆ. ಒಳಗೆ ಹಬೆ ಇನ್ನೂ ಕಟ್ಟಿಕೊಂಡಿದ್ದರೆ ಮಾತ್ರ ಚಿಲಕ ಬಿಡಬಾರದು, ಹಸಿರು ಬರಬಾರದು. ಇದನ್ನೆಲ್ಲ ಮಾಡಿಸುವುದು ಡಬ್ಬಿಯೊಳಗಿನ ಉಗುರಿನಷ್ಟು ಚಿಪ್, ಆ ಚಿಪ್‌ಗೆ ಬುದ್ಧಿ ಹೇಳುವುದು ನಾನು ಬರೆದ ಪ್ರೋಗ್ರಾಮು.

ನಾನು ಬರೆದದ್ದು ಚಿಪ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ನಡುವೆ ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮು ಕೂತು ಅದನ್ನು ಚಿಪ್‌ನ ಭಾಷೆಗೆ ತಿರುಗಿಸುತ್ತದೆ. ಅದಕ್ಕೆ ಆಪ್ಟಿಮೈಜರ್ ಅಂತ ಒಂದು ಸ್ವಿಚ್ಚಿದೆ. ಅದನ್ನು ಹಾಕಿದರೆ ಸುಮ್ಮನೆ ತಿರುಗಿಸಿ ಕೊಡುವುದಿಲ್ಲ, ಉಪಯೋಗವಿಲ್ಲದ ಸಾಲುಗಳನ್ನು ಕಿತ್ತು ಬಿಸಾಡಿ ಉಳಿದದ್ದನ್ನಷ್ಟೇ ಕೊಡುತ್ತದೆ. ಹದಿನೆಂಟು ವರ್ಷದ ಹಿಂದೆ, ಕಸುಬಿಗೆ ಹೊಸಬನಾಗಿದ್ದಾಗ, ಹಳೆಯ ಡಬ್ಬಿಯೊಂದಕ್ಕೆ ಒಂದು ಸಲ ಹಾಕಿದ್ದೆ. ಕೊಳವೆ ತೆರೆದ ಮೇಲೆ ಸ್ವಲ್ಪ ಕಾಯಲಿ ಅಂತ ‘ಸುಮ್ಮನೆ ಐವತ್ತು ಸಾವಿರದ ತನಕ ಎಣಿಸು’ ಎಂದು ಒಂದು ಸಾಲು ಬರೆದಿದ್ದೆ. ಆ ಸಾಲನ್ನೇ ಅದು ಸ್ವಾಹಾ ಮಾಡಿತು! ಕಾಯುವುದೇ ಇಲ್ಲ, ತಟಕ್ಕನೆ ಮುಂದಿನ ಕೆಲಸ. ಗಿರಾಕಿಯ ಎದುರು ನನ್ನ ಮಾನ ಹೋಯಿತು. ಅವತ್ತೇ ಸ್ವಿಚ್ಚು ಆರಿಸಿದೆ. ‘ಇಲ್ಲಿ ಏನೋ ಸರಿಯಿಲ್ಲ’ ಅಂತ ಅದು ಆಗಾಗ ಕೊಡುತ್ತಿದ್ದ ಎಚ್ಚರಿಕೆಗಳನ್ನೂ ಬಂದ್ ಮಾಡಿದೆ. ಬಾಯಿ ಮುಚ್ಚಿಕೊಂಡು ಹೇಳಿದಷ್ಟು ಮಾಡು, ನಿನ್ನ ಬುದ್ಧಿವಂತಿಕೆ ನನಗೆ ಬೇಡ ಅಂತ.

ಏಪ್ರಿಲ್ ಕೊನೆಯ ವಾರ ಘಾಟ್ಕೋಪರಿನಿಂದ ಫೋನು ಬಂತು. ಸ್ಟೇಶನ್ ಹತ್ತಿರದ ಪೂವಪ್ಪಣ್ಣನ ಹೋಟೆಲಿನಲ್ಲಿ ಅಕ್ಕುವಿನ ಬಲಗೈ ಬೆಂದಿದೆ ಅಂತ. ಅಕ್ಕು ಅಂದರೆ ಅವರ ಹೆಸರು. ಹನ್ನೊಂದು ವರ್ಷದ ಹಿಂದೆ ಈಗಿನ ಡಬ್ಬಿಗಳಲ್ಲಿ ಮೊದಲನೆಯದನ್ನು ಅಲ್ಲಿ ಕೂರಿಸಲು ಹೋದಾಗ ನಾನು ‘ಅಕ್ಕು ಅಕ್ಕ’ ಅಂದದ್ದಕ್ಕೆ ಇಡೀ ಅಡುಗೆಮನೆ ನಕ್ಕಿತ್ತು. ಆಮೇಲೆ ಬರೀ ಅಕ್ಕ ಅಂತಲೇ ಕರೆದೆ. ಅರವತ್ತರ ಹತ್ತಿರದ ಹೆಂಗಸು, ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಇಡ್ಲಿಗೆ ನಿಂತವರು. ನಾನು ಯಾವಾಗ ಹೋದರೂ ಕೇಳದೆಯೇ ಎರಡು ಇಡ್ಲಿ ತಟ್ಟೆಗೆ ಹಾಕಿ ತಂದಿಡುತ್ತಿದ್ದರು.

ಹೋಗಿ ನೋಡಿದೆ. ಹಬೆಯ ಕೊಳವೆಯಲ್ಲಿ ಗಡಸು ನೀರಿನ ಸುಣ್ಣ ಕಟ್ಟಿ ಮುಕ್ಕಾಲು ಮುಚ್ಚಿಹೋಗಿತ್ತು. ಹಬೆ ಒಳಗೇ ಉಳಿದದ್ದು ಅದರಿಂದ. ಆದರೆ ಹಬೆ ಇದ್ದರೆ ಚಿಲಕ ಬಿಡದಂತೆ ನಾನು ಬರೆದಿದ್ದೇನಲ್ಲ! ಹಾಗಾದರೆ ಬಾಗಿಲು ತೆರೆದದ್ದು ಹೇಗೆ? ಗಡಿಬಿಡಿಯಲ್ಲಿ ಸಟ್ಟುಗದ ತುದಿ ತೂರಿಸಿ ಚಿಲಕ ಎಬ್ಬಿಸುವ ಚಾಳಿ ಅಡುಗೆಮನೆಗಳಲ್ಲಿ ಹೊಸತೇನಲ್ಲ. ನನಗೆ ಉತ್ತರ ಸಿಕ್ಕಿಬಿಟ್ಟಿತು.

“ಹಸಿರು ಬಂದ ಮೇಲೆಯೇ ನಾನು ಕೈ ಹಾಕಿದ್ದು ತಿಲಕಣ್ಣ,” ಎಂದರು ಅಕ್ಕು, ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು.

“ಒಳಗೆ ಹಬೆ ಇದ್ರೆ ಹಸಿರು ಬರುದೇ ಇಲ್ಲ ಅಕ್ಕಾ. ಮಿಷನ್ ಸುಳ್ಳು ಹೇಳುದಿಲ್ಲ.”

“ಹಾಗಾದ್ರೆ ಸುಳ್ಳು ಹೇಳುದು ನಾನಾ?”

ಅದಕ್ಕೆ ಉತ್ತರ ಕೊಟ್ಟವರು ಪೂವಪ್ಪಣ್ಣ. “ಬೈಯುದಲ್ಲ ಅಕ್ಕು, ವಯಸ್ಸಾಯ್ತು, ಕಣ್ಣೂ ಮಂಜು. ಕೈ ವಾಸಿಯಾದ ಮೇಲೆ ಹಿಂದೆ ಕೂತು ತರಕಾರಿ ಹೆಚ್ಚಿ ಸಾಕು. ಸ್ಟೀಮರ್ ಬೇರೆಯವರು ನೋಡ್ಲಿ.”

“ಮಾಡದ ತಪ್ಪನ್ನು ಹೊತ್ತುಕೊಂಡು ನಾನು ಹಿಂದೆ ಕೂರುದಿಲ್ಲ. ಜೂನ್ ಒಂದಕ್ಕೆ ಬರ್ತೇನೆ. ಸ್ಟೀಮರ್ ಕೊಟ್ರೆ ಉಂಟು, ಇಲ್ಲದಿದ್ರೆ ಕೆಲಸವೇ ಬೇಡ.” ಇಷ್ಟು ಹೇಳಿ ಅವರು ಎದ್ದುಹೋದರು. ಅವತ್ತು ನನಗೆ ಇಡ್ಲಿ ಬರಲಿಲ್ಲ.

ಪೂವಪ್ಪಣ್ಣ ನನಗೊಂದು ಕೆಲಸ ಹಚ್ಚಿದರು. ಮೂಲೆಯಲ್ಲಿ ಒತ್ತಡದ ಅಂಕಿಯನ್ನು ಸಣ್ಣಗೆ ತೋರಿಸುವ ಡಬ್ಬಿಯ ಪುಟ್ಟ ಪರದೆಯಲ್ಲಿ ‘ಹಸಿರು ಬರುವ ಮೊದಲು ಬಾಗಿಲು ಮುಟ್ಟಬೇಡಿ’ ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಓಡಬೇಕಂತೆ. ಜನರಿಗೆ ಬುದ್ಧಿ ಬರಲಿ ಅಂತ. ನನಗೂ ಸರಿ ಅನಿಸಿತು. ಗಾಳಾಕ್ಕೆ ಬಂದು ಕೂತರೆ, ಚಿಪ್‌ನಲ್ಲಿ ಜಾಗವೇ ಇಲ್ಲ. ಹನ್ನೊಂದು ವರ್ಷದಲ್ಲಿ ತುಂಬಿಸಿ ತುಂಬಿಸಿ ಉಸಿರಾಡಲೂ ಎಡೆಯಿಲ್ಲದಂತೆ ಮಾಡಿಟ್ಟಿದ್ದೆ. ಮೂರು ಭಾಷೆ ಹೋಗಲಿ, ಒಂದು ಭಾಷೆಯ ಅಕ್ಷರಕ್ಕೂ ಜಾಗ ಸಾಲದು.

“ಸರ್ರ, ಆಪ್ಟಿಮೈಜರ್ ಹಾಕ್ರಿ,” ಎಂದಳು ಶಿವಕುಮಾರಿ.

ಶಿವಕುಮಾರಿ ನನ್ನಲ್ಲಿ ಎರಡು ವರ್ಷದಿಂದ ಕೆಲಸ ಮಾಡುವ ಹುಡುಗಿ. ಅಪ್ಪ ಅಣವೀರಪ್ಪ ಆಳಂದದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಮಗಳು ಡಿಪ್ಲೊಮಾ ಮಾಡಿದ್ದಾಳೆ, ಭಾನುವಾರ ಭಾನುವಾರ ಪವಾಯಿಯಲ್ಲಿ ಕಂಪೈಲರ್ ಪಾಠವನ್ನೂ ಕೇಳಿಬರುತ್ತಾಳೆ. ಮಾತು ಕಲಬುರಗಿಯದು, ಜಗಳ ಬಂಬೈಯದು.

“ಆ ಕಳ್ಳನ ಸುದ್ದಿ ಎತ್ತಬೇಡ,” ಎಂದೆ. ಹದಿನೆಂಟು ವರ್ಷದ ಕಥೆಯನ್ನು ಇನ್ನೊಂದು ಸಲ ಹೇಳಿದೆ.

ಅವಳು ಪೂರ್ತಿ ಕೇಳಿದಳು. “ಐವತ್ತು ಸಾವಿರ ತನಕ ಎಣಸು ಅಂದ್ರಿ. ಎಣಿಸಿ ಬಂದ ಅಂಕಿ ಯಾರಿಗರೆ ಕೊಟ್ರೇನ್ರಿ?”

“ಇಲ್ಲ. ಹೊತ್ತು ಹೋಗಲಿ ಅಂತ ಎಣಿಸಲು ಹೇಳಿದ್ದು.”

“ಹೊತ್ತು ಹೋಗ್ಲಿ ಅಂತ ಅದಕ್ಕ ಹೇಳಿದ್ರೇನು? ಇಲ್ಲಲ್ಲ. ಉಸ್ಕೋ ಕ್ಯಾ ಮಾಲೂಮ್, ಸರ್ರ? ಯಾರಿಗೂ ಬ್ಯಾಡಾದ ಲೆಕ್ಕ ಅಂತ ತಿಳಕೊಂಡದ. ‘ಇದನ್ನ ಮುಟ್ಟಬ್ಯಾಡ’ ಅಂತ ಅದಕ್ಕ ಹೇಳಾಕ ಒಂದು ಪದ ಅದರಿ. ನೀವು ಆ ಪದ ಬರದೇ ಇಲ್ಲ. ತಪ್ಪು ಅದರದ್ದಲ್ರಿ.”

ಯಾರದ್ದು ಅಂತ ಅವಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೂ ಬೈಗುಳ ಬೀಳುತ್ತಿತ್ತು. ಒಂದು ಕಾಗದ ಎಳೆದುಕೊಂಡು ನನ್ನ ಪ್ರೋಗ್ರಾಮಿನ ಕೊನೆಯಲ್ಲಿ ಏನಿದೆ ಎಂದು ಬರೆದಳು: ಗ್ಯಾಸ್, ಕೊಳವೆ, ಚಿಲಕ, ದೀಪ, ಪರದೆ.

“ನೋಡ್ರಿ, ಅದು ಮೊದಲಿಂದ ಹುಡುಕಂಗಿಲ್ಲ. ಕೊನೀಲಿಂದ ಹಿಂದಕ್ಕ ಹೋಗ್ತದ. ಹೊರಗಿನ ಲೋಕಕ್ಕ ಮುಟ್ಟೋದು ಇವು ಐದ. ಮೊದಲ ಇವಕ್ಕ ಗುರ್ತು ಹಾಕ್ತದ. ದೀಪ ಹತ್ತಬೇಕಂದ್ರ ಯಾವ ಲೆಕ್ಕ ಬೇಕು? ಅದಕ್ಕೊಂದು ಗುರ್ತು. ಆ ಲೆಕ್ಕಕ್ಕ ಯಾವ ಅಂಕಿ ಬೇಕು? ಅದಕ್ಕೊಂದು. ಹಿಂಗ ಹಿಂದಕ್ಕ ಹಿಂದಕ್ಕ ಹೋಗಿ ಯಾರಿಗೆ ಗುರ್ತು ಬೀಳಲಿಲ್ಲ, ಅವರು ಔಟ್.”

ನಾನು ಕಾಗದವನ್ನೇ ನೋಡುತ್ತ ಕೂತೆ. ಇದನ್ನು ನಾನು ಬೇರೆಲ್ಲೋ ನೋಡಿದ್ದೆ. ಅಕ್ಕುವಿನ ಅಡುಗೆಮನೆಯಲ್ಲಿ! ನಾಳೆ ಎಷ್ಟು ಅಕ್ಕಿ ನೆನೆಸಬೇಕು ಅಂದರೆ ಅವರು ಅಕ್ಕಿ ಡಬ್ಬಿ ನೋಡುತ್ತಿರಲಿಲ್ಲ. ಬೆಳಿಗ್ಗೆ ಎಷ್ಟು ತಟ್ಟೆ ಹೊರಗೆ ಹೋಗುತ್ತದೆ, ಅದಕ್ಕೆ ಎಷ್ಟು ಇಡ್ಲಿ, ಅದಕ್ಕೆ ಎಷ್ಟು ಹಿಟ್ಟು, ಹೀಗೆ ತಟ್ಟೆಯಿಂದ ಹಿಂದಕ್ಕೆ ನಡೆದು ಅಕ್ಕಿಗೆ ಬರುತ್ತಿದ್ದರು. ಆ ಅಡುಗೆಮನೆಯಲ್ಲಿ ಒಂದು ಹಿಡಿ ಹಿಟ್ಟು ಹಾಳಾದದ್ದನ್ನು ನಾನು ಕಂಡಿಲ್ಲ.

“ಹಾಕು ಮಾರಾಯ್ತಿ,” ಎಂದೆ. “ಆದ್ರೆ ಎಂತೆಂತ ತೆಗೀತು ಅಂತ ಪಟ್ಟಿ ಬೇಕು ನನಗೆ. ಒಂದೊಂದೂ ನೋಡಿಯೇ ಒಪ್ಪುದು.”

ಕಾಯುವ ಸಾಲಿಗೆ ‘ಮುಟ್ಟಬೇಡ’ ಎಂಬ ಆ ಪದ ಸೇರಿಸಿ ಸ್ವಿಚ್ಚು ಹಾಕಿದಳು. ಒಂದೆರಡು ಸೆಕೆಂಡು. ಚಿಪ್‌ನ ಮೂರರಲ್ಲೊಂದು ಪಾಲು ಖಾಲಿ! ಅಯ್ಯೋ ದೇವರೇ ಅಂದೆ. ಹನ್ನೊಂದು ವರ್ಷದ ಕಸವನ್ನು ಒಮ್ಮೆ ಕೆಮ್ಮುವಷ್ಟರಲ್ಲಿ ಗುಡಿಸಿ ಹೊರಗೆ ಹಾಕಿತ್ತು. ಪರೀಕ್ಷೆಗೆ ಇಟ್ಟ ಸ್ಟೀಮರಿಗೆ ಹಾಕಿ ನಡೆಸಿದರೆ ಗ್ಯಾಸ್, ದೀಪ, ಪರದೆ ಎಲ್ಲ ಮೊದಲಿನಂತೆಯೇ. ಒಂದೇ ಒಂದು ಕೆಲಸವೂ ಕೆಟ್ಟಿರಲಿಲ್ಲ.

ಪಟ್ಟಿ ಓದತೊಡಗಿದೆವು. ನನ್ನ ಪ್ರೋಗ್ರಾಮಿನ ತುಂಡುಗಳಿಗೆ ನಾನು ಕನ್ನಡದಲ್ಲೇ ಹೆಸರಿಡುವುದು: ‘ಗ್ಯಾಸ್ ಮುಚ್ಚು’, ‘ದೀಪ ಹಚ್ಚು’ ಅಂತ. ಮೊದಲು ಸಿಕ್ಕಿದ್ದು ಮುಲುಂಡಿನ ಒಬ್ಬರಿಗಾಗಿ ಬರೆದ ಕಾಫಿ ಡಿಕಾಕ್ಷನ್ನಿನ ಟೈಮರು. ಆ ಹೋಟೆಲು ಮುಚ್ಚಿ ಆರು ವರ್ಷವಾಯಿತು, ನಾನು ಅರವತ್ತು ಅಡುಗೆಮನೆಗಳಲ್ಲಿ ಅದರ ಟೈಮರನ್ನು ಹೊತ್ತು ತಿರುಗುತ್ತಿದ್ದೆ. ಆಮೇಲೆ ಗಣಪತಿ ಹಬ್ಬಕ್ಕೆ ಡಬ್ಬಿಯ ಬಜರಿನಲ್ಲಿ ಆರತಿಯ ರಾಗ ಬಾರಿಸಲು ಬರೆದ ತುಂಡು. ಶಿವಕುಮಾರಿ ಕಿಸಕ್ಕನೆ ನಕ್ಕಳು. ಇಪ್ಪತ್ತು ನಿಮಿಷಕ್ಕೆ ಎಷ್ಟು ಸೆಕೆಂಡು, ಇಪ್ಪತ್ತನ್ನು ಅರವತ್ತರಿಂದ ಗುಣಿಸು ಅಂತ ನಾನು ಪ್ರತಿ ಸೆಕೆಂಡು ಚಿಪ್ಪನ್ನು ದುಡಿಸುತ್ತಿದ್ದ ಕಡೆ ಕಂಪೈಲರು ತಾನೇ ಒಮ್ಮೆ ಗುಣಿಸಿ ಉತ್ತರ ಬರೆದಿಟ್ಟಿತ್ತು. ಎಂಥ ಮರ್ಯಾದಸ್ಥ ಕೆಲಸಗಾರ! ಹೇಳದೆ ಮಾಡಿದ್ದಾನೆ, ಮಾಡಿದ್ದನ್ನು ಕೊಚ್ಚಿಕೊಂಡಿಲ್ಲ. ಇಂಥವನಿಗೆ ನಾನು ಹದಿನೆಂಟು ವರ್ಷ ಕಳ್ಳ ಅಂದೆನಲ್ಲ ಅಂತ ನಿಜಕ್ಕೂ ನಾಚಿಕೆಯಾಯಿತು.

ಪಟ್ಟಿಯ ಒಂಬತ್ತನೆಯ ಹೆಸರು: ‘ಚಿಲಕ ಹಿಡಿ’.

“ನೋಡಿದಿಯಾ!” ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ನೋಡಿದಿಯಾ ಇದರ ಬುದ್ಧಿ! ಹಬೆ ಇದ್ರೆ ಬಾಗಿಲು ಬಿಡಬೇಡ ಅನ್ನುದೇ ಇದು. ಇಡೀ ಡಬ್ಬಿಯಲ್ಲಿ ಜೀವ ಕಾಯುದು ಇದೊಂದೇ. ಇದು ಉಪಯೋಗ ಇಲ್ಲವಂತಾ? ಇದಕ್ಕೇ ನಾನು ಹೇಳಿದ್ದು...”

ಶಿವಕುಮಾರಿ ಇಡೀ ಪ್ರೋಗ್ರಾಮಿನಲ್ಲಿ ‘ಚಿಲಕ ಹಿಡಿ’ಯನ್ನು ಯಾರು ಕರೆಯುತ್ತಾರೆ ಎಂದು ಹುಡುಕಿದಳು. ಒಂದೇ ಜಾಗ ಸಿಕ್ಕಿತು.

“ಸರ್ರ,” ಎಂದಳು ಸಣ್ಣ ದನಿಯಲ್ಲಿ. “ನೀವ ಓದ್ರಿ.”

ಓದಿದೆ. ಮೇಲಿನ ಸಾಲು ಸರಿಯಿತ್ತು: ಒತ್ತಡದ ಅಂಕಿ ತೆಗೆದುಕೋ, ಅದು ಅಪಾಯವೇ ಎಂದು ಲೆಕ್ಕ ಹಾಕು. ಅದರ ಕೆಳಗಿನ ಸಾಲು: ಅಪಾಯವಾದರೆ ಚಿಲಕ ಹಿಡಿ. ಈ ಸಾಲಿನ ಮುಂದೆ ಎರಡು ಓರೆ ಗೆರೆ. ಎರಡು ಓರೆ ಗೆರೆ ಹಾಕಿದರೆ ಆ ಸಾಲು ಬರೀ ಟಿಪ್ಪಣಿ, ಇದ್ದೂ ಇಲ್ಲದ ಹಾಗೆ. ಪಕ್ಕದಲ್ಲಿ ನನ್ನದೇ ಮಾತು: ‘ಇವತ್ತಿಗೆ ಮಾತ್ರ. ನಾಳೆ ಸರಿ ಮಾಡು.’ ಜೊತೆಗೆ ತಾರೀಖು. ಹನ್ನೊಂದು ವರ್ಷದ ಹಿಂದಿನ ಮಾರ್ಚ್.

ಕುರ್ಚಿಗೆ ಕುಸಿದೆ. ಎಲ್ಲ ನೆನಪಾಯಿತು. ಪೂವಪ್ಪಣ್ಣನ ಹೋಟೆಲು, ಡಬ್ಬಿ ಕೂರಿಸಿದ ಮೊದಲ ಬೆಳಿಗ್ಗೆ, ಏಳೂವರೆ ಗಂಟೆ. ಒತ್ತಡ ಅಳೆಯುವ ಸೆನ್ಸರಿನ ತಂತಿ ಸಡಿಲಾಗಿ ಹಬೆ ಇಲ್ಲದಿದ್ದರೂ ಅಪಾಯ ಅಪಾಯ ಅನ್ನುತ್ತಿತ್ತು, ಚಿಲಕ ಬಿಡುತ್ತಿರಲಿಲ್ಲ. ಹೊರಗೆ ಲೋಕಲ್ ರೈಲು ಹಿಡಿಯುವವರ ಗಲಾಟೆ, ಒಳಗೆ ಪೂವಪ್ಪಣ್ಣನ ಕೂಗು: “ಬಾಗಿಲು ತೆಗ್ಸಿ ಮಾರಾಯ್ರೆ, ಜನ ಎದ್ದು ಹೋಗ್ತಿದ್ದಾರೆ!” ಹಿಟ್ಟಿನ ಪಾತ್ರೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡು ಗೆರೆ ಎಳೆದೆ. ಬಾಗಿಲು ತೆರೆಯಿತು. ಮರುದಿನ ತಂತಿ ಬಿಗಿ ಮಾಡಿದೆ. ಗೆರೆ ಮರೆತೆ. ಅದೇ ಪ್ರೋಗ್ರಾಮನ್ನು ಆಮೇಲಿನ ಎಲ್ಲ ಡಬ್ಬಿಗಳಿಗೂ ತುಂಬಿದೆ.

ಹನ್ನೊಂದು ವರ್ಷ ಅರವತ್ತು ಅಡುಗೆಮನೆಗಳಲ್ಲಿ ಆ ಚಿಪ್ ಪ್ರತಿ ಸೆಕೆಂಡು ‘ಅಪಾಯವೇ?’ ಎಂದು ಲೆಕ್ಕ ಹಾಕಿದೆ, ಉತ್ತರ ಬರೆದಿದೆ, ಆ ಉತ್ತರವನ್ನು ಯಾರೂ ಓದಿಲ್ಲ. ಕೊಳವೆ ಸ್ವಚ್ಛವಾಗಿದ್ದಷ್ಟು ದಿನ ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ಗೊತ್ತೂ ಆಗಲಿಲ್ಲ. ಎಚ್ಚರಿಕೆಗಳನ್ನು ಬಂದ್ ಮಾಡದೆ ಇದ್ದಿದ್ದರೆ ‘ಈ ಉತ್ತರವನ್ನು ಯಾರೂ ಕೇಳುತ್ತಿಲ್ಲ’ ಎಂದು ಇದೇ ಕಂಪೈಲರು ಮೊದಲ ದಿನವೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದವನು ನಾನು.

“ಅಕ್ಕ ಹೇಳಿದ್ದು ನಿಜ,” ಎಂದೆ. “ಹಸಿರು ಬಂದಿತ್ತು.”

ಶಿವಕುಮಾರಿ ಎರಡು ಗೆರೆ ಅಳಿಸಿ ಮತ್ತೆ ಕಂಪೈಲ್ ಮಾಡಿದಳು. ಪಟ್ಟಿಯಲ್ಲಿ ಕಾಫಿ ಟೈಮರು ಇತ್ತು, ಆರತಿಯ ರಾಗ ಇತ್ತು, ‘ಚಿಲಕ ಹಿಡಿ’ ಇರಲಿಲ್ಲ. ಒಂದು ಸಾಲು ಬದುಕಿದ್ದೇ ತಡ, ಕಂಪೈಲರು ಅಲ್ಲಿಂದ ಹಿಂದಕ್ಕೆ ನಡೆದು ಅದಕ್ಕೆ ಬೇಕಾದ ಲೆಕ್ಕಗಳಿಗೆಲ್ಲ ಗುರುತು ಹಾಕಿ ಉಳಿಸಿಕೊಂಡಿತ್ತು. ಒಬ್ಬರ ಹಂಗಿಲ್ಲ, ಒಬ್ಬರ ಮೇಲೆ ಸಿಟ್ಟಿಲ್ಲ. ಇಷ್ಟು ನೆಟ್ಟಗೆ ಕೆಲಸ ಮಾಡುವುದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಅವತ್ತು ಮಧ್ಯಾಹ್ನವೇ ಅರವತ್ತೂ ಕಡೆ ಫೋನು ಮಾಡಿದೆವು. ಹಸಿರನ್ನು ನಂಬಬೇಡಿ, ಪರದೆಯ ಮೂಲೆಯ ಒತ್ತಡದ ಅಂಕಿ ಸೊನ್ನೆಗೆ ಬಂದ ಮೇಲೆಯೇ ಬಾಗಿಲು ತೆಗೆಯಿರಿ, ತಪ್ಪು ನನ್ನದು, ನಾನೇ ಬಂದು ಸರಿ ಮಾಡುತ್ತೇನೆ ಅಂತ. ಬೈಸಿಕೊಂಡೆ. ಬೈಸಿಕೊಳ್ಳುವುದು ಹೇಗಿರುತ್ತದೆ ಅಂತ ನನಗೂ ಗೊತ್ತಾಗಬೇಕಿತ್ತು.

ಘಾಟ್ಕೋಪರಿಗೆ ಮಾತ್ರ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅಂಧೇರಿಯಲ್ಲಿ ಮೆಟ್ರೊ ಹತ್ತಿ ಶಿವಕುಮಾರಿಯ ಜೊತೆ ಹೋದೆ. ಅಕ್ಕುವನ್ನು ಹೋಟೆಲಿಗೆ ಕರೆಸಿ, ಪೂವಪ್ಪಣ್ಣನ ಎದುರು, ಅಡುಗೆಮನೆಯ ಎಲ್ಲರ ಎದುರು ಹೇಳಿದೆ. ಎರಡು ಗೆರೆ, ತಾರೀಖು, ಒಂದನ್ನೂ ಬಿಡಲಿಲ್ಲ. ಪೂವಪ್ಪಣ್ಣನ ಮುಖ ಸಣ್ಣಗಾಯಿತು. ಅವತ್ತು ಕೂಗಿದ್ದು ಅವರಿಗೂ ನೆನಪಿತ್ತು.

ಅಕ್ಕುವಿನ ಕೈಯಿಂದ ಬ್ಯಾಂಡೇಜು ಹೋಗಿತ್ತು, ಚರ್ಮ ಇನ್ನೂ ಕೆಂಪಗೆ ಮಿರುಗುತ್ತಿತ್ತು. ಅವರು ನನ್ನನ್ನು ಕೇಳಿದರು:

“ಯಾರು ಕಂಡುಹಿಡಿದದ್ದು?”

“ಕಂಪೈಲರ್ ಅಂತ ಒಂದು ಪ್ರೋಗ್ರಾಮು, ಅಕ್ಕಾ. ಬೇಡದ್ದನ್ನು ತೆಗೀತದೆ. ಅದು ತೆಗೆದದ್ದರಲ್ಲಿ ಇದೂ ಸಿಕ್ಕಿತು.”

“ಅದಕ್ಕೆ ನನ್ನ ಗುರುತು ಉಂಟಾ?”

“ಇಲ್ಲ.”

“ನನ್ನ ಕೈಯ ಇಡ್ಲಿ ಅದು ತಿಂದಿಲ್ಲ. ಆದ್ರೂ ನಾನು ಹೇಳಿದ್ದನ್ನೇ ಹೇಳಿತು. ನೀವು ಹನ್ನೊಂದು ವರ್ಷ ತಿಂದಿದ್ದೀರಿ ತಿಲಕಣ್ಣ.”

ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ. ಕಾಲು ಹಿಡಿಯೋಣವೆಂದು ಬಗ್ಗಿದವನನ್ನು ಅವರು ಎಡಗೈಯಿಂದ ತಡೆದರು.

“ಅದೆಲ್ಲ ಬೇಡ. ಚಿಲಕ ಹಿಡೀತದಾ ಅಂತ ನನಗೆ ತೋರಿಸಿ.”

“ಈಗಲೇ ತೋರಿಸ್ತೇನೆ.”

“ಈಗ ಬೇಡ. ಈಗ ಗಿರಾಕಿ ಇಲ್ಲ, ಖಾಲಿ ಹೊತ್ತಲ್ಲಿ ಯಾರು ಬೇಕಾದ್ರೂ ಕಾಯ್ತಾರೆ. ಜೂನ್ ಒಂದಕ್ಕೆ, ಬೆಳಿಗ್ಗೆ ಏಳೂವರೆಗೆ ತೋರಿಸಿ.”

ಜೂನ್ ಒಂದರ ಬೆಳಿಗ್ಗೆ ಹೊಸ ಪ್ರೋಗ್ರಾಮು ತುಂಬಿದ ಡಬ್ಬಿಯ ಪಕ್ಕ ನಾನೂ ಶಿವಕುಮಾರಿಯೂ ನಿಂತೆವು. ಪೂವಪ್ಪಣ್ಣ ಹೇಳಿದ್ದ ಮೂರು ಭಾಷೆಯ ಬುದ್ಧಿಮಾತಿಗೆ ಈಗ ಜಾಗ ಬೇಕಾದಷ್ಟಿತ್ತು, ನಾನು ಹಾಕಿರಲಿಲ್ಲ. ಕೊಳವೆಯನ್ನು ಬೇಕೆಂದೇ ಮುಕ್ಕಾಲು ಮುಚ್ಚಿದ್ದೆ. ಅಕ್ಕು ತಟ್ಟೆ ಜೋಡಿಸಿ ಬಾಗಿಲು ಹಾಕಿ ಗುಂಡಿ ಒತ್ತಿದರು. ಹೊರಗೆ ಎಲ್ಲ ಟೇಬಲ್ಲೂ ತುಂಬಿ ಜನ ಗೋಡೆ ಬದಿ ನಿಂತಿದ್ದರು. ಹೊತ್ತು ಮುಗಿಯಿತು, ಗ್ಯಾಸ್ ನಿಂತಿತು. ಹಸಿರು ಬರಲಿಲ್ಲ. ಅಕ್ಕು ಸುಟ್ಟ ಕೈಗೆ ಬಟ್ಟೆ ಸುತ್ತಿ ಹಿಡಿಕೆ ಎಳೆದರು. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ, ಮೈಭಾರ ಬಿಟ್ಟು ಎಳೆದರು. ಚಿಲಕ ಬಿಡಲಿಲ್ಲ.

“ಬಾಸ್, ಇಡ್ಲಿ ಕಿದರ್ ಹೈ?” ಅಂತ ಹೊರಗಿನಿಂದ ಯಾರೋ ಕೂಗಿದರು. ಇನ್ನಿಬ್ಬರು ದನಿಗೂಡಿಸಿದರು. ಪೂವಪ್ಪಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನನ್ನತ್ತ ನೋಡಿ ಬಾಯಿ ತೆರೆದರು.

“ಕಾಯಲಿ,” ಎಂದರು ಅಕ್ಕು, ಹಿಡಿಕೆಯಿಂದ ಕೈ ತೆಗೆಯದೆ.

ಪೂವಪ್ಪಣ್ಣ ಬಾಯಿ ಮುಚ್ಚಿದರು. ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು, ಇಡ್ಲಿಗೆ ಇನ್ನೂ ಹತ್ತು ನಿಮಿಷ ಅಂತ ಹೇಳಲು ತಾವೇ ಹೊರಗೆ ಹೋದರು.